ಗುಪ್ತ ಮಾಂತ್ರಿಕ ಸಮಾಜದಲ್ಲಿ ಇಬ್ಬರು ಗಂಡಸರ ಪ್ರೇಮ: ಐತಿಹಾಸಿಕ ಕಾದಂಬರಿ ಕಟ್ಟುವ ಕ್ರಮ

ಗತಕಾಲದ ಒಂದು ನಗರ, ಅದರೊಳಗೆ ಯಾರ ಗಮನಕ್ಕೂ ಬಾರದಂತೆ ಬದುಕುತ್ತಿರುವ ಮಾಂತ್ರಿಕರ ಒಂದು ಸಮಾಜ, ಆ ಸಮಾಜದ ಅಂಚಿನಲ್ಲಿ ಪರಸ್ಪರ ಮನಸೋಲುವ ಇಬ್ಬರು ಗಂಡಸರು. ಇಷ್ಟನ್ನು ಇಟ್ಟುಕೊಂಡು ಕಾದಂಬರಿ ಬರೆಯಲು ಹೊರಟವರಲ್ಲಿ ಹೆಚ್ಚಿನವರು ಮಂತ್ರದ ಗುಟ್ಟನ್ನೂ ಪ್ರೇಮದ ಗುಟ್ಟನ್ನೂ ಒಂದೇ ಆಗಿ ಬೆಸೆದುಬಿಡುತ್ತಾರೆ. ಮಾಂತ್ರಿಕನಾಗಿರುವುದು ಗಂಡಸನ್ನು ಪ್ರೀತಿಸುವುದರ ರೂಪಕವಾಗುತ್ತದೆ, ಒಂದನ್ನು ಮುಚ್ಚಿಡುವ ನೋವು ಇನ್ನೊಂದನ್ನು ಮುಚ್ಚಿಡುವ ನೋವಿನ ಪ್ರತಿಧ್ವನಿಯಾಗುತ್ತದೆ, ಐವತ್ತು ಪುಟ ದಾಟುವಷ್ಟರಲ್ಲಿ ಕಥೆಗೆ ಹೇಳಲು ಏನೂ ಉಳಿದಿರುವುದಿಲ್ಲ. ಎರಡು ಗುಟ್ಟುಗಳನ್ನು ಬೇರೆಯಾಗಿಟ್ಟು, ಒಂದನ್ನು ಕಾಪಾಡಲು ಇನ್ನೊಂದನ್ನು ಅಪಾಯಕ್ಕೊಡ್ಡಲೇಬೇಕಾದ ಸನ್ನಿವೇಶವನ್ನು ಹುಡುಕುವುದೇ ಈ ಬಗೆಯ ಕಾದಂಬರಿಯ ಮುಖ್ಯ ಕೆಲಸ. ಅದನ್ನು ಮಾಡುವ ಬಗೆಯನ್ನು ಈ ಪ್ರಕಾರದ ಬರಹಗಾರರು ಮತ್ತೆ ಮತ್ತೆ ಹಿಂದಿರುಗುವ ವಿಕ್ಟೋರಿಯಾ ಕಾಲದ ಲಂಡನ್ನಿನ ಉದಾಹರಣೆಯಿಂದಲೇ ವಿವರಿಸುತ್ತೇನೆ.

ಮೊದಲು ವರ್ಷವನ್ನು ಗೊತ್ತುಮಾಡಿಕೊಳ್ಳಬೇಕು. 'ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗ' ಎಂಬ ಸಡಿಲವಾದ ಅಂದಾಜು ಇಲ್ಲಿ ಸಾಲದು, ಏಕೆಂದರೆ ನಿಮ್ಮ ಪಾತ್ರಗಳಿಗೆ ಎಷ್ಟು ಭಯವಿರಬೇಕು, ಯಾವುದರ ಭಯವಿರಬೇಕು ಎಂಬುದನ್ನು ವರ್ಷವೇ ನಿರ್ಧರಿಸುತ್ತದೆ. ಇಂಗ್ಲೆಂಡಿನಲ್ಲಿ ಗಂಡಸರ ನಡುವಿನ ದೈಹಿಕ ಸಂಬಂಧಕ್ಕಾಗಿ ಇಬ್ಬರನ್ನು ಕೊನೆಯ ಬಾರಿ ಗಲ್ಲಿಗೇರಿಸಿದ್ದು 1835ರಲ್ಲಿ. 1861ರ ಕಾನೂನು ಆ ಅಪರಾಧಕ್ಕಿದ್ದ ಮರಣದಂಡನೆಯನ್ನು ತೆಗೆದು, ಕನಿಷ್ಠ 10 ವರ್ಷದಿಂದ ಜೀವಾವಧಿಯವರೆಗಿನ ಸೆರೆವಾಸವನ್ನು ಇರಿಸಿತು. ಆದರೂ ನ್ಯಾಯಾಲಯದಲ್ಲಿ ಅದನ್ನು ಸಾಬೀತುಪಡಿಸುವುದು ಕಷ್ಟವಿತ್ತು. 1870ರಲ್ಲಿ ಹೆಣ್ಣುಡುಗೆಯಲ್ಲಿ ನಾಟಕಶಾಲೆಯಿಂದ ಹೊರಬರುತ್ತಿದ್ದಾಗ ಬಂಧಿತರಾದ ಅರ್ನೆಸ್ಟ್ ಬೋಲ್ಟನ್ ಮತ್ತು ಫ್ರೆಡರಿಕ್ ಪಾರ್ಕ್ ಎಂಬ ಯುವಕರ ವಿಚಾರಣೆಯಲ್ಲಿ ಪ್ರೇಮಪತ್ರಗಳನ್ನು ಗಟ್ಟಿಯಾಗಿ ಓದಿಸಲಾಯಿತು, ಆದರೆ 1871ರಲ್ಲಿ ಅವರು ಖುಲಾಸೆಯಾದರು. 1885ರಲ್ಲಿ ಪರಿಸ್ಥಿತಿ ಬದಲಾಯಿತು. ಆ ವರ್ಷದ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯಿದೆಗೆ ಸಂಸದ ಹೆನ್ರಿ ಲಬೂಶೇರ್ ಸೇರಿಸಿದ 11ನೆಯ ಸೆಕ್ಷನ್, ಗಂಡಸರ ನಡುವಿನ 'ಘೋರ ಅಸಭ್ಯತೆ'ಯನ್ನು, ಅದು ಬೀದಿಯಲ್ಲಿ ನಡೆದಿರಲಿ, ಬಾಗಿಲು ಹಾಕಿದ ಕೋಣೆಯಲ್ಲಿ ನಡೆದಿರಲಿ, ಎರಡು ವರ್ಷದವರೆಗಿನ ಸಜೆಗೆ ಗುರಿಮಾಡಿತು. ಅಸಭ್ಯತೆ ಎಂದರೇನು ಎಂಬುದನ್ನು ಅದು ವಿವರಿಸಲೇ ಇಲ್ಲ. ಈ ಹೊಸ ಅಪರಾಧದ ಶಿಕ್ಷೆ ಹಳೆಯದರದ್ದಕ್ಕಿಂತ ಕಡಿಮೆ, ಬಲೆ ಮಾತ್ರ ಅಗಲವಾಯಿತು. ಜನ ಅದನ್ನು ಬ್ಲ್ಯಾಕ್‌ಮೇಲ್ ಮಾಡುವವರಿಗೆ ಕೊಟ್ಟ ಸನ್ನದು ಎಂದು ಕರೆದದ್ದು ಸುಮ್ಮನೆ ಅಲ್ಲ.

ಹೀಗಾಗಿ 1884ರಲ್ಲಿ ನಡೆಯುವ ಕಥೆಯಲ್ಲಿ ಪ್ರೇಮಿಗಳು ಮುಖ್ಯವಾಗಿ ಅಂಜುವುದು ಪ್ರತ್ಯಕ್ಷ ಸಾಕ್ಷಿಗೆ, 1886ರಲ್ಲಿ ನಡೆಯುವ ಕಥೆಯಲ್ಲಿ ಒಂದು ಕಾಗದಕ್ಕೂ ಅಂಜಬೇಕಾಗುತ್ತದೆ. 1895ರ ಮೇ 25ರಂದು ನಾಟಕಕಾರ ಆಸ್ಕರ್ ವೈಲ್ಡ್‌ಗೆ ಇದೇ ಸೆಕ್ಷನ್ನಿನಡಿ ಎರಡು ವರ್ಷದ ಕಠಿಣ ಸಜೆಯಾದ ಮೇಲಿನ ಲಂಡನ್ ಇನ್ನೂ ಬೇರೆ. ಇಬ್ಬರು ಗಂಡಸರ ಆಪ್ತತೆಯನ್ನು ಅಲ್ಲಿಯವರೆಗೆ ಗಮನಿಸದೆ ಇದ್ದವರೂ ಈಗ ಎರಡನೆಯ ಬಾರಿ ತಿರುಗಿ ನೋಡುತ್ತಾರೆ. ನನ್ನನ್ನು ಕೇಳಿದರೆ 1888ರಿಂದ 1894ರವರೆಗಿನ ಅವಧಿ ಅತ್ಯಂತ ಫಲವತ್ತಾದದ್ದು. ಕಾನೂನು ಜಾರಿಯಲ್ಲಿದೆ, ಆದರೆ ದೊಡ್ಡ ವಿಚಾರಣೆಯ ಕರಿನೆರಳು ಇನ್ನೂ ಬಿದ್ದಿಲ್ಲ. ಏನು ಬರಲಿದೆ ಎಂಬುದು ಓದುಗನಿಗೆ ಗೊತ್ತಿದೆ, ಪಾತ್ರಗಳಿಗೆ ಗೊತ್ತಿಲ್ಲ.

ಈಗ ಮಂತ್ರದ ಕಡೆಯ ಕಾನೂನನ್ನು ನೋಡಬೇಕು. ಈ ಭಾಗವನ್ನು ಅನೇಕರು ಓದುವುದೇ ಇಲ್ಲ, ವಾಮಾಚಾರ ಮಾಡಿದವರನ್ನು ವಿಕ್ಟೋರಿಯಾ ಕಾಲದಲ್ಲೂ ಸುಡುತ್ತಿದ್ದರೇನೋ ಎಂಬಂತೆ ಬರೆಯುತ್ತಾರೆ. ಬ್ರಿಟನ್ನಿನ 1735ರ ವಾಮಾಚಾರ ಕಾಯಿದೆ ಮಾಟವನ್ನು ಅಪರಾಧವೆಂದು ಪರಿಗಣಿಸುವುದನ್ನೇ ನಿಲ್ಲಿಸಿತು. ಅದರ ಪ್ರಕಾರ ಅಪರಾಧವಾಗಿ ಉಳಿದದ್ದು ಮಾಂತ್ರಿಕ ಶಕ್ತಿಯಿದೆಯೆಂದು ನಟಿಸುವುದು ಮಾತ್ರ, ಅದಕ್ಕೆ ಒಂದು ವರ್ಷದ ಸೆರೆ. 1824ರ ಅಲೆಮಾರಿಗಳ ಕಾಯಿದೆ ಭವಿಷ್ಯ ಹೇಳಿ ಜನರನ್ನು ವಂಚಿಸುವವರಿಗೆ ಮೂರು ತಿಂಗಳವರೆಗಿನ ಕಠಿಣ ಸಜೆಯನ್ನು ವಿಧಿಸಿತ್ತು. ಪ್ರೇತಗಳಿಂದ ಸ್ಲೇಟಿನ ಮೇಲೆ ಬರೆಸುತ್ತೇನೆಂದು ಲಂಡನ್ನಿನಲ್ಲಿ ಹೆಸರಾಗಿದ್ದ ಹೆನ್ರಿ ಸ್ಲೇಡ್‌ಗೆ 1876ರಲ್ಲಿ ಅದೇ ಕಾಯಿದೆಯಡಿ ಮೂರು ತಿಂಗಳ ಶಿಕ್ಷೆಯಾಗಿ, ಮೇಲ್ಮನವಿಯಲ್ಲಿ ತಾಂತ್ರಿಕ ಕಾರಣಕ್ಕೆ ರದ್ದಾಯಿತು.

ಎರಡು ಕಾನೂನುಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕಾದಂಬರಿಯ ಬುನಾದಿ ತಾನಾಗಿ ಕಾಣಿಸುತ್ತದೆ. ನಿಮ್ಮ ನಾಯಕನ ಕೈಯಲ್ಲಿರುವ ಶಕ್ತಿಯ ಬಗ್ಗೆ ರಾಜ್ಯವು 'ಅದು ಇಲ್ಲವೇ ಇಲ್ಲ' ಎನ್ನುತ್ತದೆ, ಅವನ ಪ್ರೀತಿಯ ಬಗ್ಗೆ 'ಅದು ಇದೆ, ಇರಕೂಡದು' ಎನ್ನುತ್ತದೆ. ಸಿಕ್ಕಿಬಿದ್ದ ಮಾಂತ್ರಿಕನು ತಾನು ವಂಚಕನಲ್ಲವೆಂದು ತೋರಿಸಬೇಕಾದರೆ ತನ್ನ ಇಡೀ ಸಮಾಜವನ್ನು ಬಯಲುಮಾಡಬೇಕು. ಸಿಕ್ಕಿಬಿದ್ದ ಪ್ರೇಮಿಯು ಉಳಿಯಬೇಕಾದರೆ ತನ್ನ ಪ್ರೀತಿಯೇ ಸುಳ್ಳೆಂದು ಪ್ರಮಾಣ ಮಾಡಬೇಕು. ಒಬ್ಬನೇ ಮನುಷ್ಯ ಈ ಎರಡೂ ಕಟಕಟೆಗಳ ಹತ್ತಿರಕ್ಕೆ ಬರುವಂತೆ ಕಥೆಯನ್ನು ಹೂಡಿದರೆ, ರೂಪಕದ ಹಂಗಿಲ್ಲದೆ ಎರಡು ಗುಟ್ಟುಗಳೂ ಒಂದಕ್ಕೊಂದು ಎದುರಾಗುತ್ತವೆ.

ಉದಾಹರಣೆಗೆ ಒಂದು ಜೋಡಿಯನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಲಂಡನ್ನಿನ ವಕೀಲರ ಕೇರಿಯಾದ ಟೆಂಪಲ್‌ನಲ್ಲಿ ಕೋಣೆ ಹಿಡಿದಿರುವ ಮೂವತ್ತರ ಆಸುಪಾಸಿನ ವಕೀಲ, ಪ್ರೇತವಾಣಿಯ ಹೆಸರಿನಲ್ಲಿ ವಿಧವೆಯರ ಹಣ ದೋಚುವವರ ಮೇಲೆ ಮೊಕದ್ದಮೆ ನಡೆಸುವುದರಲ್ಲಿ ಹೆಸರು ಮಾಡುತ್ತಿರುವವನು, ಮಂತ್ರವನ್ನು ಎಳ್ಳಷ್ಟೂ ನಂಬದವನು. ಇನ್ನೊಬ್ಬ ಅವನಿಗಿಂತ ತುಸು ಹಿರಿಯನಾದ ಔಷಧ ವ್ಯಾಪಾರಿ. ಕಾಗದವನ್ನು ಮುಟ್ಟಿದರೆ ಅದನ್ನು ಹಿಂದೆ ಹಿಡಿದಿದ್ದವರ ಮನಸ್ಥಿತಿ ಇವನಿಗೆ ತಿಳಿಯುತ್ತದೆ. 1868ರ ಕಾಯಿದೆಯ ಪ್ರಕಾರ ಸಂಖಪಾಷಾಣದಂಥ ವಿಷ ಕೊಂಡವರು ಅಂಗಡಿಯ ಪುಸ್ತಕದಲ್ಲಿ ಸಹಿ ಹಾಕಬೇಕಿತ್ತು, ಆದ್ದರಿಂದ ಯಾರು ಇಲಿಗಾಗಿ ಕೊಂಡರು, ಯಾರು ಗಂಡನಿಗಾಗಿ ಕೊಂಡರು ಎಂಬುದು ಪುಟ ತಿರುವುವಾಗಲೇ ಅವನಿಗೆ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಯಾರಿಗೂ ಹೇಳುವಂತಿಲ್ಲ. ವಕೀಲನಿಗೆ ಬೆದರಿಕೆಯ ಕಾಗದವೊಂದು ಬರುತ್ತದೆ. ಕಳುಹಿಸಿದವರು ಯಾರೆಂದು ಹೇಳಬಲ್ಲ ಒಬ್ಬನೇ ಮನುಷ್ಯ ಅದನ್ನು ಹೇಗೆ ತಿಳಿದೆನೆಂದು ಹೇಳಲಾರ, ಹೇಳಿದರೆ ಕೇಳುವವನು ಅವನನ್ನೇ ವಂಚಕರ ಪಟ್ಟಿಗೆ ಸೇರಿಸುತ್ತಾನೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಶಕ್ತಿ ಚಿಕ್ಕದಾಗಿದೆ, ವೃತ್ತಿಗೆ ಅಂಟಿಕೊಂಡಿದೆ, ಕಥೆಯ ತೊಡಕಿನ ನಡುವಿಗೇ ಬಂದು ಕೂರುತ್ತದೆ. ಬೆಂಕಿ ಉಗುಳುವ, ಗಾಳಿಯಲ್ಲಿ ಹಾರುವ ಶಕ್ತಿಗಳಿಗಿಂತ ಇಂಥ ಸಣ್ಣ ಶಕ್ತಿಗಳೇ ಈ ಪ್ರಕಾರಕ್ಕೆ ಒಗ್ಗುತ್ತವೆ.

ಗುಪ್ತ ಸಮಾಜವನ್ನು ಕಟ್ಟುವಾಗ, ಅದು ಏಕೆ ಗುಪ್ತವಾಗಿದೆ ಎಂಬ ಪ್ರಶ್ನೆಗೆ ಮೊದಲೇ ಉತ್ತರ ಬರೆದಿಟ್ಟುಕೊಳ್ಳಿ. 'ಜನ ಹೆದರುತ್ತಾರೆ' ಎಂಬುದು ಉತ್ತರವಲ್ಲ. ಆ ಕಾಲದ ಲಂಡನ್ನಿನಲ್ಲಿ ಜನ ಹೆದರುತ್ತಿರಲಿಲ್ಲ, ಮುಗಿಬೀಳುತ್ತಿದ್ದರು. 1882ರಲ್ಲಿ ಆರಂಭವಾದ ಅತೀಂದ್ರಿಯ ಸಂಶೋಧನಾ ಸಂಸ್ಥೆಯಲ್ಲಿ ಕೇಂಬ್ರಿಜ್‌ನ ಪಂಡಿತರೇ ಇದ್ದು ದೆವ್ವದ ವರದಿಗಳನ್ನು ಸಂಗ್ರಹಿಸುತ್ತಿದ್ದರು. 1888ರಲ್ಲಿ ಲಂಡನ್ನಿನಲ್ಲಿ ಗೋಲ್ಡನ್ ಡಾನ್ ಎಂಬ ಗುಪ್ತ ಪಂಥ ಹುಟ್ಟಿತು, ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದೀಕ್ಷೆ, ಪರೀಕ್ಷೆ, ಪ್ರಮಾಣವಚನಗಳಿದ್ದವು, ಹೆಂಗಸರಿಗೂ ಸಮಾನ ಪ್ರವೇಶವಿತ್ತು. ಅದರ ಸ್ಥಾಪಕರಲ್ಲಿ ಒಬ್ಬನಾದ ವಿಲಿಯಂ ವೆಸ್ಟ್‌ಕಾಟ್ ಅಸಹಜ ಸಾವುಗಳ ವಿಚಾರಣೆ ನಡೆಸುವ ಸರ್ಕಾರಿ ಅಧಿಕಾರಿ. ಪಂಥದ ಸುದ್ದಿ ಮೇಲಿನವರ ಕಿವಿಗೆ ಬಿದ್ದಾಗ, 1897ರಲ್ಲಿ ಅವನು ನೌಕರಿಯನ್ನು ಉಳಿಸಿಕೊಂಡು ಪಂಥದಿಂದ ಹಿಂದೆ ಸರಿದ. ನಿಜವಾದ ಮಾಂತ್ರಿಕರಿಗೆ ಇಂಥ ಉತ್ಸಾಹಿಗಳು ಒಂದು ಕಡೆ ಕಾಟ, ಇನ್ನೊಂದು ಕಡೆ ಮರೆ. ಊರೆಲ್ಲ ಸುಳ್ಳು ಮಾಂತ್ರಿಕರು ತುಂಬಿರುವಾಗ ನಿಜವಾದವನನ್ನು ಯಾರೂ ಹುಡುಕುವುದಿಲ್ಲ. ಗುಪ್ತವಾಗಿರಲು ಗಟ್ಟಿಯಾದ ಕಾರಣ ಬೇಕೆಂದರೆ ಉಪಯೋಗದ ಕಡೆ ನೋಡಿ. ಸಾಮ್ರಾಜ್ಯವೊಂದಕ್ಕೆ ಇವರ ಶಕ್ತಿ ನಿಜವೆಂದು ತಿಳಿದರೆ ಅದು ಇವರನ್ನು ಸುಡುವುದಿಲ್ಲ, ಕೆಲಸಕ್ಕೆ ಸೇರಿಸಿಕೊಳ್ಳುತ್ತದೆ.

ಆ ಸಮಾಜದ ಒಳಗೂ ವರ್ಗಭೇದ ಇರಲೇಬೇಕು. ಹಳ್ಳಿಗಳಲ್ಲಿ ಕಳವಾದ ವಸ್ತು ಹುಡುಕಿಕೊಡುತ್ತ, ದನಕ್ಕೆ ತಗುಲಿದ ದೃಷ್ಟಿ ತೆಗೆಯುತ್ತ ಬಂದ ನಾಟಿ ಮಾಂತ್ರಿಕರ ಪರಂಪರೆ ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೂ ಉಳಿದಿತ್ತು. ನಗರದಲ್ಲಿ ಲ್ಯಾಟಿನ್ ಗ್ರಂಥ ಓದಿದ ಮಹನೀಯರಿಗೆ ಅವರನ್ನು ಕಂಡರೆ ತಾತ್ಸಾರವಿರುವುದು ಸಹಜ. ಅಲ್ಲಿ ಶಿಸ್ತು ಯಾರು ನೋಡುತ್ತಾರೆ, ತಪ್ಪಿಗೆ ಶಿಕ್ಷೆ ಏನು, ಹೊಸಬರನ್ನು ಹೇಗೆ ಸೇರಿಸಿಕೊಳ್ಳುತ್ತಾರೆ, ಖರ್ಚಿನ ಹಣ ಎಲ್ಲಿಂದ ಬರುತ್ತದೆ ಎಂಬುದು ನಿಮಗೆ ಗೊತ್ತಿರಲಿ, ಪುಟದ ಮೇಲೆ ಅದರ ಹತ್ತರಲ್ಲಿ ಒಂದು ಪಾಲು ಬಂದರೆ ಸಾಕು. ಒಂದು ಪ್ರಶ್ನೆಯನ್ನು ಮಾತ್ರ ತಪ್ಪಿಸಿಕೊಳ್ಳುವಂತಿಲ್ಲ: ಈ ಸಮಾಜ ಗಂಡಸರ ನಡುವಿನ ಪ್ರೇಮವನ್ನು ಹೇಗೆ ಕಾಣುತ್ತದೆ? ಉದಾರವಾಗಿ ಕಾಣುತ್ತದೆ ಎಂದು ಬರೆದರೆ ನಾಯಕರಿಗೆ ಆಶ್ರಯ ಸಿಕ್ಕಿ ಬಿಗಿ ಸಡಿಲವಾಗುತ್ತದೆ. ಕ್ರೂರವಾಗಿ ಕಾಣುತ್ತದೆ ಎಂದರೆ ಹೊರಗಿನ ಸಮಾಜದ ನಕಲಾಗುತ್ತದೆ. ನನಗೆ ಸರಿಕಾಣುವುದು ಮೂರನೆಯ ದಾರಿ. ಸಮಾಜಕ್ಕೆ ಅದರ ಬಗ್ಗೆ ನೈತಿಕ ಅಭಿಪ್ರಾಯವೇ ಇಲ್ಲ, ಆದರೆ ಪೊಲೀಸರನ್ನು ಬಾಗಿಲಿಗೆ ತರಬಲ್ಲ ಯಾವ ನಡತೆಯನ್ನೂ ಅದು ಸಹಿಸುವುದಿಲ್ಲ. ಹಿರಿಯನೊಬ್ಬ ದ್ವೇಷದ ಲವಲೇಶವಿಲ್ಲದೆ, ಲೆಕ್ಕ ಒಪ್ಪಿಸುವ ದನಿಯಲ್ಲಿ 'ನೀನು ಅವನನ್ನು ಬಿಡಬೇಕು' ಎಂದು ಹೇಳುವ ದೃಶ್ಯ, ಬೈಬಲ್ ಹಿಡಿದು ಗುಡುಗುವ ದೃಶ್ಯಕ್ಕಿಂತ ಹೆಚ್ಚು ನಾಟುತ್ತದೆ.

ಮಂತ್ರಕ್ಕೆ ಮಿತಿ ಹಾಕುವಾಗ ಕೆಲವು ಶಕ್ತಿಗಳನ್ನು ಪೂರ್ತಿಯಾಗಿ ಕೈಬಿಡುವುದು ಒಳ್ಳೆಯದು. ನೆನಪು ಅಳಿಸುವ ಮಂತ್ರವಿದ್ದರೆ ಬ್ಲ್ಯಾಕ್‌ಮೇಲ್ ಎಂಬ ಅಪಾಯವೇ ಉಳಿಯುವುದಿಲ್ಲ. ಅಷ್ಟೇ ಅಲ್ಲ, ಅದನ್ನು ಬಲ್ಲ ಪ್ರೇಮಿಯನ್ನು ಇನ್ನೊಬ್ಬ ಪ್ರೇಮಿ ಎಂದೂ ನಂಬಲಾರ. ವಶೀಕರಣವೂ ಹೀಗೆಯೇ. ಅದು ಈ ಲೋಕದಲ್ಲಿ ಸಾಧ್ಯವೆಂದು ಒಂದು ಸಲ ಹೇಳಿದರೆ, ಮುಂದಿನ ಪ್ರತಿಯೊಂದು ಚುಂಬನದ ಹಿಂದೆಯೂ 'ಇದು ಇವನ ಸ್ವಂತ ಇಚ್ಛೆಯೇ?' ಎಂಬ ಅನುಮಾನ ನಿಲ್ಲುತ್ತದೆ. ಆ ಅನುಮಾನವನ್ನೇ ವಸ್ತುವಾಗಿಸಿಕೊಳ್ಳುವ ಧೈರ್ಯವಿದ್ದರೆ ಇಟ್ಟುಕೊಳ್ಳಿ, ಅಲಂಕಾರಕ್ಕೆ ಬೇಡ. ನಮ್ಮ ಔಷಧ ವ್ಯಾಪಾರಿಯ ಶಕ್ತಿಗೂ ಈ ಸೂಕ್ಷ್ಮವಿದೆ: ವಕೀಲ ಬರೆದ ಕಾಗದ ಕೈಗೆ ಬಂದೊಡನೆ, ಅವನು ಹೇಳದೆ ಇಟ್ಟದ್ದೂ ಇವನಿಗೆ ತಿಳಿದುಬಿಡುತ್ತದೆ. ಪ್ರಾಮಾಣಿಕನಾದ ಮನುಷ್ಯ ಆಗ ಏನು ಮಾಡುತ್ತಾನೆ? ಕೈಗವಸು ಹಾಕಿಕೊಂಡೇ ಕಾಗದ ಒಡೆಯುತ್ತಾನೆ. ಅವನು ಹೀಗೇಕೆ ಮಾಡುತ್ತಾನೆಂದು ವಕೀಲನಿಗೆ ಮುನ್ನೂರನೆಯ ಪುಟದಲ್ಲಿ ತಿಳಿದರೆ, ಪ್ರೇಮ ನಿವೇದನೆಯ ಸಂಭಾಷಣೆ ಬೇರೆ ಬರೆಯಬೇಕಾಗಿಲ್ಲ.

ದಿನನಿತ್ಯದ ವಿವರಗಳಲ್ಲಿ ಎಲ್ಲಿ ಖಾಸಗಿತನ ಸಿಗುತ್ತಿತ್ತು, ಎಲ್ಲಿ ಸಿಗುತ್ತಿರಲಿಲ್ಲ ಎಂಬುದಕ್ಕೆ ಮೊದಲ ಗಮನ ಕೊಡಿ. ಇಬ್ಬರು ಅವಿವಾಹಿತರು ಬಾಡಿಗೆ ಹಂಚಿಕೊಂಡು ಒಂದೇ ಕಡೆ ಇರುವುದು ಆಗ ಯಾರ ಹುಬ್ಬನ್ನೂ ಏರಿಸುತ್ತಿರಲಿಲ್ಲ, ತೋಳಿಗೆ ತೋಳು ಸೇರಿಸಿ ನಡೆಯುವುದೂ ಸಾಮಾನ್ಯವೇ ಆಗಿತ್ತು. ಅಪಾಯವಿದ್ದದ್ದು ಮನೆಯೊಳಗೆ: ಹಾಸಿಗೆ ಹೊದಿಕೆ ಬದಲಾಯಿಸುವ ಕೆಲಸದವಳು, ಬೆಳಿಗ್ಗೆ ಬೆಂಕಿ ಹೊತ್ತಿಸಲು ಬಾಗಿಲು ತಟ್ಟದೆ ಬರುವ ಹುಡುಗಿ, ಮೆಟ್ಟಿಲ ಸದ್ದನ್ನು ಎಣಿಸುವ ಮನೆಯೊಡತಿ. ವೈಲ್ಡ್‌ನ ವಿಚಾರಣೆಯಲ್ಲಿ ಹೋಟೆಲಿನ ಕೆಲಸದವರೇ ಸಾಕ್ಷಿ ನುಡಿದರು. ಇಬ್ಬರ ನಡುವಿನ ವರ್ಗಭೇದವೂ ಸಂಶಯಕ್ಕೆ ದಾರಿ. ಸಮಾನಸ್ಕಂಧರು ಒಟ್ಟಿಗೆ ಊಟಮಾಡಿದರೆ ಅದು ಸ್ನೇಹ, ವಕೀಲನೊಬ್ಬ ಅಂಗಡಿಯವನೊಂದಿಗೆ ಪ್ರತಿ ವಾರ ಊಟಮಾಡಿದರೆ ಅದಕ್ಕೆ ಕಾರಣ ಬೇಕು. 1885ರಿಂದ ಹನ್ನೆರಡು ಪದಗಳ ತಂತಿ ಸಂದೇಶಕ್ಕೆ ಆರು ಪೆನ್ಸ್, ಆದರೆ ತಂತಿಯನ್ನು ಗುಮಾಸ್ತ ಓದುತ್ತಾನೆ. ಪೊಲೀಸರ ಬಳಿ ಬೆರಳ ಗುರುತಿನ ವಿಭಾಗ ಆರಂಭವಾದದ್ದು 1901ರಲ್ಲಿ, ಅದಕ್ಕೆ ಮುಂಚಿನ ಪತ್ತೇದಾರನು ಅದನ್ನು ಬಳಸುವಂತಿಲ್ಲ.

ಗುಟ್ಟು ಬಯಲಾಗುವ ಬಗೆಯನ್ನು ಚರಿತ್ರೆಯಿಂದಲೇ ಕಲಿಯುವುದು ಮೇಲು. 1889ರಲ್ಲಿ ಲಂಡನ್ನಿನ ಅಂಚೆ ಕಚೇರಿಯಲ್ಲಿ ನಡೆದ ಕಳ್ಳತನವೊಂದರ ತನಿಖೆಯಲ್ಲಿ ತಂತಿ ಹಂಚುವ ಹುಡುಗನೊಬ್ಬನ ಬಳಿ 14 ಷಿಲಿಂಗ್ ಸಿಕ್ಕಿತು. ಅದು ಅವನ ಹಲವು ವಾರಗಳ ಸಂಬಳ. ಎಲ್ಲಿಂದ ಬಂತೆಂದು ಕೇಳುತ್ತ ಹೋದಂತೆ ಗಂಡಸರಿಗೆ ಹುಡುಗರನ್ನು ಹಣಕ್ಕೆ ಒದಗಿಸುತ್ತಿದ್ದ ಕ್ಲೀವ್‌ಲೆಂಡ್ ಸ್ಟ್ರೀಟ್‌ನ ಒಂದು ಮನೆ ಹೊರಬಿತ್ತು, ಅಲ್ಲಿಗೆ ಬರುತ್ತಿದ್ದ ಶ್ರೀಮಂತರ ಹೆಸರುಗಳು ಹೊರಬಿದ್ದವು, ಒಬ್ಬ ಲಾರ್ಡ್ ದೇಶವನ್ನೇ ಬಿಟ್ಟು ಹೋದ. ಆ ಪ್ರಕರಣ ಪ್ರೇಮದ ಕಥೆಯಲ್ಲ, ಶೋಷಣೆಯ ಕಥೆ, ಅದನ್ನು ಪ್ರೇಮಕಥೆಗೆ ಎರವಲು ತರಬಾರದು. ಕಲಿಯಬೇಕಾದದ್ದು ಅದರ ಯಂತ್ರವನ್ನು. ದೊಡ್ಡ ಗುಟ್ಟು ಬಯಲಾದದ್ದು ಅದನ್ನು ಹುಡುಕಿಕೊಂಡು ಹೊರಟವರಿಂದಲ್ಲ, ಸಂಬಂಧವೇ ಇಲ್ಲದ ಸಣ್ಣದೊಂದು ತನಿಖೆಯಿಂದ. ನಿಮ್ಮ ಕಾದಂಬರಿಯಲ್ಲೂ ಮಾಂತ್ರಿಕರ ಜಾಡು ಹಿಡಿದು ಬಂದವನಿಗೆ ಪ್ರೇಮಿಗಳು ಸಿಕ್ಕಿಬೀಳಲಿ, ಅಥವಾ ಪ್ರೇಮಪತ್ರಕ್ಕಾಗಿ ಬೀರು ಒಡೆದವನಿಗೆ ಮಾಂತ್ರಿಕರ ಕಡತ ಸಿಗಲಿ.

ಪ್ರೇಮದ ಬೆಳವಣಿಗೆಯಲ್ಲಿ ಎರಡು ನಿವೇದನೆಗಳಿರುತ್ತವೆ, ಅವುಗಳ ತೂಕ ಒಂದೇ ಅಲ್ಲ. 'ನಾನು ನಿಮ್ಮನ್ನು ಪ್ರೀತಿಸುತ್ತೇನೆ' ಎನ್ನುವವನು ತನ್ನ ಬದುಕನ್ನು ಪಣಕ್ಕಿಡುತ್ತಾನೆ. 'ನಾನು ಮಾಂತ್ರಿಕ' ಎನ್ನುವವನು ತನ್ನ ಗುರುವಿನ, ತಂಗಿಯ, ತನ್ನನ್ನು ನಂಬಿದ ಹತ್ತಾರು ಜನರ ಬದುಕನ್ನು ಅವರನ್ನು ಕೇಳದೆಯೇ ಪಣಕ್ಕಿಡುತ್ತಾನೆ. ಆದ್ದರಿಂದ ಪ್ರೇಮದ ಮಾತು ಮೊದಲು ಬರಲಿ, ಮಂತ್ರದ ಮಾತು ಕಥೆಯ ನಡುಭಾಗದ ಕಠಿಣ ನಿರ್ಧಾರವಾಗಿ ಆಮೇಲೆ ಬರಲಿ. ಇಷ್ಟು ದಿನ ಹೇಳಲಿಲ್ಲವೆಂದು ವಕೀಲ ಸಿಟ್ಟಾಗುವುದು ನ್ಯಾಯ, ಹೇಳಲು ತನಗೆ ಹಕ್ಕಿರಲಿಲ್ಲವೆಂದು ವ್ಯಾಪಾರಿ ಹೇಳುವುದೂ ನ್ಯಾಯ. ಜಗಳದಲ್ಲಿ ಇಬ್ಬರೂ ಸರಿಯಾಗಿದ್ದರೆ ಮಾತ್ರ ಓದುಗ ಪುಟ ತಿರುವುತ್ತಾನೆ, ತಪ್ಪು ತಿಳಿವಳಿಕೆಯಿಂದ ಹುಟ್ಟಿ ಒಂದೇ ವಾಕ್ಯದಲ್ಲಿ ಬಗೆಹರಿಯಬಹುದಾದ ಜಗಳಗಳಿಂದ ಈ ಪ್ರಕಾರ ಈಗಾಗಲೇ ಸಾಕಷ್ಟು ಸೊರಗಿದೆ.

ಸಂಭಾಷಣೆಯಲ್ಲಿ ಕನ್ನಡದ ಬರಹಗಾರನಿಗೆ ಒಂದು ಅನುಕೂಲವಿದೆ. ಇಬ್ಬರು ಮೊದಲಿನಿಂದ 'ನೀವು' ಎಂದೇ ಮಾತಾಡಿಕೊಂಡಿರಲಿ, ಒಬ್ಬ ಯಾವ ಕ್ಷಣದಲ್ಲಿ 'ನೀನು' ಎನ್ನುತ್ತಾನೆ ಎಂಬುದನ್ನು ಮೊದಲೇ ಗೊತ್ತುಮಾಡಿ, ಅದಕ್ಕೆ ಮುಂಚೆ ಒಮ್ಮೆಯೂ ಕೈತಪ್ಪದಂತೆ ನೋಡಿಕೊಳ್ಳಿ. ಮತ್ತೆ ಜನರ ಎದುರು ಅವರು 'ನೀವು'ವಿಗೆ ಮರಳಬೇಕು, ಒಂದು ದಿನ ಸಾಕ್ಷಿಗಳ ಮುಂದೆ ನಾಲಿಗೆ ತಪ್ಪಬೇಕು. ಲಂಡನ್ನಿನ ಬಡಪಾಯಿಗಳ ಮಾತನ್ನು ಕನ್ನಡದ ಯಾವುದೋ ಒಂದು ಸೀಮೆಯ ಆಡುಮಾತಿಗೆ ಇಳಿಸುವ ಪ್ರಯೋಗ ನನಗೆ ಒಪ್ಪಿಗೆಯಿಲ್ಲ, ಪಾತ್ರ ಕೂಡಲೇ ಹಾಸ್ಯಕ್ಕೆ ತಿರುಗುತ್ತದೆ. ಚಿಕ್ಕ ವಾಕ್ಯ, ನೇರ ಮಾತು ಸಾಕು. 'ಸಲಿಂಗಕಾಮಿ' ಎಂಬ ಗುರುತು ಆ ಪಾತ್ರಗಳ ಬಾಯಲ್ಲಿ ಬರಬಾರದು. ಅದಕ್ಕೆ ಸಮನಾದ ಪದ 1869ರಲ್ಲಿ ಜರ್ಮನ್ ಭಾಷೆಯಲ್ಲಿ ಹುಟ್ಟಿ, 1890ರ ದಶಕದಲ್ಲಿ ವೈದ್ಯಗ್ರಂಥದ ಮೂಲಕ ಇಂಗ್ಲಿಷಿಗೆ ಬಂದದ್ದು. 'ನನ್ನಂಥವರು' ಎಂಬ ತಡವರಿಸುವ ಮಾತಿನಲ್ಲೇ ಅವರು ತಮ್ಮನ್ನು ತಾವು ಹೇಳಿಕೊಳ್ಳುತ್ತಿದ್ದರು ಎಂದು ಭಾವಿಸಿ ಬರೆಯಿರಿ. ಶೃಂಗಾರ ಎಷ್ಟಿರಬೇಕೆಂಬುದು ನಿಮ್ಮ ಇಚ್ಛೆ. ಇಬ್ಬರೂ ವಯಸ್ಕರಾಗಿರಬೇಕು, ಇಬ್ಬರಿಗೂ 'ಬೇಡ' ಎನ್ನುವ ಸ್ವಾತಂತ್ರ್ಯವಿರಬೇಕು. ಒಬ್ಬ ಇನ್ನೊಬ್ಬನ ಸಂಬಳಗಾರನಾಗಿದ್ದರೆ ಆ ಸ್ವಾತಂತ್ರ್ಯವನ್ನು ಕಥೆ ಸಂಪಾದಿಸಿ ತೋರಿಸಬೇಕು.

ಮುಕ್ತಾಯದ ವಿಷಯದಲ್ಲಿ ಈ ಪ್ರಕಾರಕ್ಕೆ ಒಂದು ಒಪ್ಪಂದವಿದೆ: ಕೊನೆಯಲ್ಲಿ ಇಬ್ಬರೂ ಬದುಕಿರಬೇಕು, ಒಟ್ಟಿಗಿರಬೇಕು. ಆ ಕಾಲದಲ್ಲಿ ಇದು ಅಸಂಭವವೆಂದು ಮೂಗು ಮುರಿಯುವವರಿಗೆ ಚರಿತ್ರೆಯೇ ಉತ್ತರ ಕೊಡುತ್ತದೆ. ಚಿತ್ರಕಲೆಯ ವಿದ್ಯಾರ್ಥಿಗಳಾಗಿದ್ದಾಗ ಪರಿಚಯವಾದ ಚಾರ್ಲ್ಸ್ ರಿಕೆಟ್ಸ್ ಮತ್ತು ಚಾರ್ಲ್ಸ್ ಶ್ಯಾನನ್ ಸುಮಾರು ಐದು ದಶಕ ಒಂದೇ ಮನೆಯಲ್ಲಿ ಬಾಳಿದರು, ವೇಲ್ ಪ್ರೆಸ್ ಎಂಬ ಮುದ್ರಣಾಲಯವನ್ನು ಅವರ ವಲಯವೇ ನಡೆಸಿತು. ಬರಹಗಾರ ಎಡ್ವರ್ಡ್ ಕಾರ್ಪೆಂಟರ್, ಶೆಫೀಲ್ಡ್‌ನ ಬಡ ಕುಟುಂಬದಿಂದ ಬಂದ ಜಾರ್ಜ್ ಮೆರಿಲ್ ಜೊತೆ 1898ರಿಂದ ಮಿಲ್‌ಥಾರ್ಪ್ ಎಂಬ ಹಳ್ಳಿಯಲ್ಲಿ ಸಂಸಾರ ಹೂಡಿದ, ವೈಲ್ಡ್‌ಗೆ ಶಿಕ್ಷೆಯಾಗಿ ಮೂರೇ ವರ್ಷ ಕಳೆದಿದ್ದಾಗ. ಕಾನೂನು ಬದಲಾಗಲು 1967ರವರೆಗೆ ಕಾಯಬೇಕಾಯಿತು, ಜನ ಅಲ್ಲಿಯವರೆಗೆ ಕಾಯುತ್ತ ಕೂರಲಿಲ್ಲ. ದೇಶ ಬಿಡಿಸುವುದಾದರೆ ಫ್ರಾನ್ಸ್ ಹತ್ತಿರವಿತ್ತು, 1791ರಿಂದಲೇ ಅಲ್ಲಿ ವಯಸ್ಕರ ಖಾಸಗಿ ಸಂಬಂಧ ಅಪರಾಧವಾಗಿರಲಿಲ್ಲ. ಆದರೆ ವಲಸೆಯನ್ನು ಸುಲಭದ ಬಾಗಿಲಾಗಿ ಬಳಸಬೇಡಿ, ಔಷಧ ವ್ಯಾಪಾರಿ ತನ್ನ ಸಮಾಜವನ್ನು ಬಿಟ್ಟು ಹೋಗಬೇಕಾಗುತ್ತದೆ ಎಂಬ ಬೆಲೆ ಪುಟದ ಮೇಲೆ ಕಾಣಬೇಕು. ಇನ್ನೊಂದು ಎಚ್ಚರಿಕೆ, ಕೊನೆಯ ಅಧ್ಯಾಯದಲ್ಲಿ ಹೊಸ ಮಂತ್ರವೊಂದು ಹುಟ್ಟಿಕೊಂಡು ಬೆದರಿಕೆಯ ಕಾಗದಗಳನ್ನು ಬೂದಿ ಮಾಡುವಂತಿಲ್ಲ. ಸುಖಾಂತವನ್ನು ಮಂತ್ರ ತಂದುಕೊಡಬಾರದು, ಮಂತ್ರವನ್ನು ನಂಬದಿದ್ದ ವಕೀಲನ ಕಾನೂನುಜ್ಞಾನ ಮತ್ತು ವ್ಯಾಪಾರಿಯ ಚಿಕ್ಕ ಶಕ್ತಿ ಸೇರಿ ತರಬೇಕು. ಬೆದರಿಸುವವನೂ ಒಂದು ಕಾಗದಕ್ಕೆ ಅಂಜುತ್ತಾನೆ, ಅದು ಎಲ್ಲಿದೆಯೆಂದು ಒಬ್ಬನಿಗೆ ತಿಳಿಯುತ್ತದೆ, ಅದರಿಂದ ಏನು ಮಾಡಬಹುದೆಂದು ಇನ್ನೊಬ್ಬನಿಗೆ.

ಕರಡು ಮುಗಿದ ಮೇಲೆ ಎರಡು ಸಲ ತಿದ್ದಬೇಕಾಗುತ್ತದೆ. ಮೊದಲ ಸಲ ಮಂತ್ರದ ಪ್ರಸಂಗಗಳನ್ನೆಲ್ಲ ಮನಸ್ಸಿನಲ್ಲೇ ತೆಗೆದುಹಾಕಿ ಪ್ರೇಮಕಥೆಯನ್ನು ಓದಿ, ಅದು ಯಾವ ತೊಂದರೆಯೂ ಇಲ್ಲದೆ ನಡೆದರೆ ಮಂತ್ರ ಇನ್ನೂ ಅಲಂಕಾರವಾಗಿಯೇ ಇದೆಯೆಂದು ಅರ್ಥ. ಎರಡನೆಯ ಸಲ ಪ್ರೇಮವನ್ನು ತೆಗೆದು ಸಾಹಸಕಥೆಯನ್ನು ಓದಿ. ಎರಡು ಓದಿನಲ್ಲೂ ಕಥೆ ಎಲ್ಲಿ ಮುರಿದುಬೀಳುತ್ತದೋ ಆ ಅಧ್ಯಾಯಗಳನ್ನು ಉಳಿಸಿಕೊಂಡು, ಉಳಿದವುಗಳ ಮೇಲೆ ಕತ್ತರಿ ಹಿಡಿಯಿರಿ.